ಒಗ್ಗರಣಿ ಒಂದು ಪ್ಲೇಟು, ಮಿರ್ಚಿ ನಾಲ್ಕು: ಆರ್ಟಿಕಲ್ ಕಲಿಸಿದ ನನ್ನ ಅನುಭವ

ಗಂಗಾವತಿಯಲ್ಲಿ ಟ್ಯೂಷನ್ ಶುರು ಮಾಡಿ ಒಂಬತ್ತು ವರ್ಷ ದಾಟಿತು. ಅದರಲ್ಲಿ ಆರು ವರ್ಷ ಆರ್ಟಿಕಲ್, ಅಂದರೆ ಇಂಗ್ಲಿಷಿನ ‘ಎ’, ‘ಆ್ಯನ್’, ‘ದ’ ಪಾಠದಲ್ಲಿ ಸೋತಿದ್ದೇನೆ. ಎಸ್ಸೆಸ್ಸೆಲ್ಸಿ ಮಕ್ಕಳಿರಲಿ, ಸಂಜೆ ಬ್ಯಾಚಿನ ಗಿರಣಿ ಗುಮಾಸ್ತರಿರಲಿ, ನಿಯಮವನ್ನೆಲ್ಲ ಗಿಳಿಪಾಠ ಒಪ್ಪಿಸುತ್ತಿದ್ದರು. ಸ್ವಂತ ನಾಲ್ಕು ಸಾಲು ಬರೆಸಿದರೆ ಮತ್ತೆ ‘ಎ ರೈಸ್’, ‘ಮೆನಿ ಇನ್ಫರ್ಮೇಶನ್ಸ್’.

ದುಡ್ಡೂ ಹೋಯಿತು. ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರಿಗೆ ಹದಿನಾಲ್ಕು ಸಾವಿರದ ಹತ್ತಿರ, ಬಣ್ಣದ ಚಿತ್ರದ ಕಾರ್ಡುಗಳಿಗೆ ಎರಡು ಸಾವಿರ ಚಿಲ್ಲರೆ. ಕಾರ್ಡಿನಲ್ಲಿ ಸೇಬು, ಛತ್ರಿ, ಹಾಲಿನ ಲೋಟ. ಮಕ್ಕಳು ಕಾರ್ಡು ನೋಡಿ ಸರಿ ಹೇಳಿ, ವಾಕ್ಯದಲ್ಲಿ ತಪ್ಪು ಬರೆದರು. ತಿಂಗಳಿಗೆ 400 ರೂಪಾಯಿ ಫೀಸಿನ ಮೂವತ್ತು ಜನರ ಬ್ಯಾಚು ಆ ವರ್ಷ ಹನ್ನೊಂದಕ್ಕೆ ಇಳಿಯಿತು.

ಆಮೇಲೆ ಕನ್ನಡವನ್ನೇ ಹಿಡಿದು ಕಲಿಸುತ್ತೇನೆ ಎಂದೆ. ಜೊತೆಯ ಮೇಷ್ಟ್ರುಗಳು ಒಪ್ಪಲಿಲ್ಲ. ‘ಇಂಗ್ಲಿಷ್ ಕ್ಲಾಸಿನಾಗ ಕನ್ನಡ ಬಂದ್ರ ಹುಡುಗ್ರು ಕೆಡ್ತಾರ’ ಅಂದರು. ಈಗ ಅವರಲ್ಲಿಬ್ಬರು ತಮ್ಮ ಮಕ್ಕಳನ್ನು ನನ್ನ ಬ್ಯಾಚಿಗೇ ಕಳಿಸುತ್ತಾರೆ.

ಶುರುವಾಗಿದ್ದು ಬೆಳಗಿನ ನಾಷ್ಟಾದಿಂದ. ನಮ್ಮ ಕಡೆ ಹೋಟೆಲಿಗೆ ಹೋದವರು ‘ಒಂದು ಪ್ಲೇಟ್ ಒಗ್ಗರಣಿ, ನಾಕು ಮಿರ್ಚಿ’ ಅಂತಾರೆ. ಒಗ್ಗರಣಿ ಅಂದರೆ ಮಂಡಕ್ಕಿಯ ತಿಂಡಿ, ಮಿರ್ಚಿ ಅಂದರೆ ಮೆಣಸಿನಕಾಯಿ ಬಜ್ಜಿ. ಮಿರ್ಚಿಯನ್ನು ನೇರ ಎಣಿಸುತ್ತಾರೆ, ಒಗ್ಗರಣಿಗೆ ಪ್ಲೇಟು ಬೇಕು. ಅಕ್ಕಿಗೆ ಚೀಲ, ಭತ್ತಕ್ಕೆ ಕ್ವಿಂಟಲ್, ಎಣ್ಣೆಗೆ ಲೀಟರು. ಇದು ಗೊತ್ತಿಲ್ಲದ ಹುಡುಗ ಗಂಗಾವತಿಯಲ್ಲಿ ಸಿಗುವುದಿಲ್ಲ. ಇಂಗ್ಲಿಷಿನ ‘ಎ’ ಕೂಡ ನೇರ ಎಣಿಸುವುದಕ್ಕೇ ಹತ್ತುತ್ತದೆ ಎಂದೆ, ‘ಎ ಬ್ಯಾಗ್ ಆಫ್ ರೈಸ್’ ಒಂದೇ ದಿನದಲ್ಲಿ ಬಂತು.

ನಿಜವಾದ ಗಂಟು ಬೇರೆ ಕಡೆ ಇತ್ತು. ಕನ್ನಡ ಎಣಿಸುವ ಕೆಲವು ಮಾತನ್ನು ಇಂಗ್ಲಿಷ್ ಎಣಿಸುವುದಿಲ್ಲ. ನಾವು ಸಲಹೆಗಳು, ಮಾಹಿತಿಗಳು, ಸುದ್ದಿಗಳು ಅಂತ ಧಾರಾಳವಾಗಿ ಬರೆಯುತ್ತೇವೆ. ಅಲ್ಲಿ ಅಡ್ವೈಸ್, ಇನ್ಫರ್ಮೇಶನ್, ನ್ಯೂಸ್ ಮೂರಕ್ಕೂ ‘ಎ’ ಇಲ್ಲ, ‘ಮೆನಿ’ ಇಲ್ಲ. ಫರ್ನಿಚರ್, ಲಗೇಜ್, ಹೋಮ್‌ವರ್ಕ್, ಮಷಿನರಿ ಕೂಡ ಹಾಗೇ. ಇವನ್ನೆಲ್ಲ ಒಗ್ಗರಣಿ ಸಾಲಿಗೆ ಸೇರಿಸಿ ‘ಪ್ಲೇಟು ಯಾವುದು?’ ಎಂದು ಕೇಳಲು ಶುರು ಮಾಡಿದೆ. ‘ಎ ಪೀಸ್ ಆಫ್ ಅಡ್ವೈಸ್’ ಎಂಬ ಉತ್ತರ ಹುಡುಗರಿಂದಲೇ ಬಂತು. ಪಟ್ಟಿಯಲ್ಲಿ ಇಪ್ಪತ್ತರಷ್ಟು ಪದ ಸಾಕು. ಯಾವ ಕ್ರಮದಲ್ಲಿ ಕೊಡಬೇಕು ಎಂಬುದು ನನ್ನ ಮೂರು ವರ್ಷದ ದುಡಿಮೆ, ಅದನ್ನು ಇಲ್ಲಿ ಬರೆಯುವುದಿಲ್ಲ.

‘ದ’ ವಿಷಯದಲ್ಲಿ ದಾರಿ ತೋರಿಸಿದವನು ಕೆಳಗಿನ ಅಂಗಡಿಯ ಹಮಾಲ. ಸಾಹುಕಾರ ‘ಚೀಲ ಇಳಿಸು’ ಅಂದರೆ ಯಾವುದೋ ಚೀಲ ಇಳಿಸುತ್ತಾನೆ. ‘ಚೀಲವನ್ನ ಇಳಿಸು’ ಅಂದರೆ ಯಾವ ಚೀಲ ಎಂದು ಇಬ್ಬರಿಗೂ ಗೊತ್ತಿರುತ್ತದೆ. ಆ ‘ಅನ್ನು’ ಇದ್ದಲ್ಲಿ ‘ದ’ ಹಾಕಿಸಿದೆ. ವಾರದಲ್ಲೇ ಫಲ ಕಂಡಿತು, ಆದರೆ ಎರಡು ಕಡೆ ಮುಗ್ಗರಿಸಿತು. ಮನುಷ್ಯರಿಗೆ ಸಾಮಾನ್ಯವಾಗಿ ‘ಹುಡುಗನನ್ನ’ ಎಂದೇ ಬರುತ್ತದೆ, ಹಾಗಾಗಿ ಅಲ್ಲಿ ಗುರುತು ಹತ್ತುವುದಿಲ್ಲ. ಕರ್ತೃ ಸ್ಥಾನದಲ್ಲಿ ‘ಅನ್ನು’ ಬರುವುದೇ ಇಲ್ಲ. ಅದಕ್ಕೆ ಪದಗಳ ಜಾಗ ನೋಡಿಸಿದೆ: ‘ಅಂಗಳದಾಗ ನಾಯಿ ಐತಿ’ ಅಂದರೆ ‘ಎ ಡಾಗ್’, ‘ನಾಯಿ ಅಂಗಳದಾಗ ಐತಿ’ ಅಂದರೆ ‘ದ ಡಾಗ್’.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ ಗೇಟು ಕೊಚ್ಚಿಹೋದಾಗ ಕ್ಲಾಸಿನಲ್ಲಿ ಬೇರೆ ಮಾತೇ ಇರಲಿಲ್ಲ. ಎಡದಂಡೆ ಕಾಲುವೆಯ ನೀರು ನಂಬಿದ ಮನೆಗಳ ಮಕ್ಕಳು ಅವರು. ಇರುವುದು 33 ಗೇಟು. ಚೈನು ತುಂಡಾದ ಸುದ್ದಿ ಮೊದಲು ಬಂದಾಗ ‘ಎ ಗೇಟ್’, ಬೆಳಗಾಗುವಷ್ಟರಲ್ಲಿ ಎಲ್ಲರ ಬಾಯಲ್ಲೂ ‘ಆ ಗೇಟು’, ಅಂದರೆ ‘ದ ಗೇಟ್’. 19ನೆಯದು ಎಂದಮೇಲೆ ಇರುವುದೊಂದೇ, ಅದಕ್ಕೂ ‘ದ’. ಆ ಪಾಠ ಇವತ್ತಿಗೂ ಯಾರೂ ಮರೆತಿಲ್ಲ.

‘ಎ’, ‘ಆ್ಯನ್’ ಗೊಂದಲಕ್ಕೆ ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಬರೆಸುತ್ತೇನೆ. ‘ಯೂನಿವರ್ಸಿಟಿ’ ಯಕಾರದಿಂದ ಶುರು, ವ್ಯಂಜನ, ಆದ್ದರಿಂದ ‘ಎ’. ‘ಅವರ್’ (ಗಂಟೆ), ‘ಎಮ್ಮೆಲ್ಲೆ’, ‘ಎಸ್ಸೆಸ್ಸೆಲ್ಸಿ’ ಸ್ವರದಿಂದ ಶುರು, ‘ಆ್ಯನ್’. ಇದೂ ಒಂದು ಕಡೆ ಕೈಕೊಟ್ಟಿತು. ನಮ್ಮವರ ಬಾಯಲ್ಲಿ ‘ಎಗ್’ ‘ಯೆಗ್’ ಆಗುತ್ತದೆ, ಕಿವಿ ನಂಬಿದ ಹುಡುಗ ‘ಎ ಯೆಗ್’ ಬರೆದ. ಅದನ್ನು ಬಿಡಿಸುವ ಬಾಯಿ ಅಭ್ಯಾಸ ಒಂದಿದೆ, ಕ್ಲಾಸಿಗೆ ಬಂದವರಿಗೆ ತೋರಿಸುತ್ತೇನೆ.

ನಡುವೆ ಕೋಳಿಯ ಪ್ರಯೋಗವನ್ನೂ ಮಾಡಿದೆ. ‘ಐ ಏಟ್ ಚಿಕನ್’, ‘ಐ ಏಟ್ ಎ ಚಿಕನ್’ ಎರಡನ್ನೂ ಬೋರ್ಡಿಗೆ ಬರೆದು, ಯಾರು ಇಡೀ ಕೋಳಿ ತಿಂದರು ಎಂದು ಕೇಳಿದೆ. ‘ಎ’ ಇದ್ದರೆ ಇಡೀ ಕೋಳಿ, ಇಲ್ಲದಿದ್ದರೆ ಬರೀ ಮಾಂಸ. ಪೇಪರ್, ಗ್ಲಾಸ್, ಹೇರ್ ಹೀಗೆ ಎರಡು ಕಡೆ ವಾಲುವ ಪದಗಳೆಲ್ಲ ಅದೇ ಸಂಜೆ ಮುಗಿದವು.

ಈಗ ಎರಡು ಬ್ಯಾಚು, ಸುಮಾರು ಎಪ್ಪತ್ತು ಜನ. ಹಿಂದೆ ಹತ್ತು ವಾಕ್ಯದಲ್ಲಿ ಆರೇಳು ತಪ್ಪುತ್ತಿದ್ದವರು ಈಗ ಒಂದೆರಡು ತಪ್ಪುತ್ತಾರೆ. ಊರು, ನದಿಗಳ ಹೆಸರು ಮಾತ್ರ ಇನ್ನೂ ಬಾಯಿಪಾಠವೇ: ‘ದ ತುಂಗಭದ್ರಾ’ ಸರಿ, ಹಂಪಿಗೂ ಆನೆಗೊಂದಿಗೂ ‘ದ’ ಬೇಡ. ಅದಕ್ಕೆ ಕನ್ನಡದೊಳಗೆ ಹಿಡಿ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ.