ಅಪ್ಪ ಅಮ್ಮನನ್ನು ಕೂರಿಸಿಕೊಂಡು ಕೆ'ಗರಿ ಸುತ್ತಿಸಿದ ಲೆಕ್ಕ

ಬಸ್ಸಿನ ಟೂರ್ ನಮ್ಮ ಮನೆಯವರಿಗೆ ಆಗಿಬರಲಿಲ್ಲ. ಅಪ್ಪ, ಅಮ್ಮ ಹಿಂದೊಮ್ಮೆ ಮಂಡ್ಯದಿಂದ ಬ್ರಿಸ್ಬೇನಿಗೆ ಬಂದಾಗ ತಲೆಗೆ ಇನ್ನೂರು ಡಾಲರ್‌ಗೂ ಮೇಲೆ ತೆತ್ತು, ಇಲ್ಲಿನ ಕೆ'ಗರಿ ಎಂಬ ಮರಳು ದ್ವೀಪದ ಒಂದು ದಿನದ ಟೂರಿಗೆ ಹತ್ತಿಸಿದ್ದೆ. ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಸೀಟು. ಕಾಡಿನ ಮರಳು ದಾರಿಯಲ್ಲಿ ಅಮ್ಮನ ಸೊಂಟ ಹಿಡಿದುಕೊಂಡಿತು, ಅಪ್ಪ ವಾಂತಿ ಮಾಡಿಕೊಂಡರು. ಮೆಕೆಂಝಿ ಸರೋವರದಲ್ಲಿ ಕಾಲು ನೆನೆಸುವಷ್ಟರಲ್ಲಿ ಹೊರಡುವ ಹೊತ್ತಾಯಿತು.

ಆಮೇಲೆ ಬಾಡಿಗೆ ಗಾಡಿ ನೋಡಿದೆವು. ಮರಳಿನಲ್ಲಿ ಹೂಳದಿರಲು ಟೈರಿನ ಗಾಳಿ ಇಳಿಸಬೇಕು, ಆದರೆ ಜೊತೆಗೆ ಕೊಟ್ಟ ಗಾಳಿ ಗೇಜ್ ಕೆಟ್ಟಿತ್ತು. ಇಪ್ಪತ್ತು ಎಂದು ತೋರಿಸುವಾಗ ಟೈರಿನಲ್ಲಿ ಮೂವತ್ತರಷ್ಟಿತ್ತು. ಗಾಡಿ ದಾಟಿಸುವ ಬಾರ್ಜ್ ಇಳಿದ ಕೂಡಲೇ, ದ್ವೀಪದ ದಕ್ಷಿಣ ತುದಿಯ ಹುಕ್ ಪಾಯಿಂಟ್‌ನ ಮೆದು ಮರಳಿನಲ್ಲಿ, ಆಕ್ಸಲ್‌ವರೆಗೆ ಹೂತೆವು. ಮೇಲೆ ಉಪ್ಪುನೀರು ತಾಗಿಸಿದ್ದೀರಿ ಎಂದು ಠೇವಣಿಯಲ್ಲಿ ಐನೂರರಷ್ಟು ಮುರಿದುಕೊಂಡರು. ಅಂದಿನಿಂದ ಭಾವನವರು ಫೋನ್ ಮಾಡಿದಾಗಲೆಲ್ಲ, "ವಯಸ್ಸಾದವರನ್ನು ಮತ್ತೆ ಆ ಮರಳಿಗೆ ಕರೆದುಕೊಂಡು ಹೋಗಬೇಡಪ್ಪ" ಎಂದು ಹೇಳಿಯೇ ಇಡುತ್ತಿದ್ದರು. ಇಲ್ಲಿನ ಕನ್ನಡದ ಗೆಳೆಯರದೂ ಅದೇ ರಾಗ.

ಈ ಜುಲೈಯಲ್ಲಿ ನನ್ನದೇ ಹಳೆಯ ಫೋರ್‌ವೀಲ್ ಗಾಡಿ ಪ್ರಾಡೊದಲ್ಲಿ ಅಪ್ಪ, ಮಂಡಿ ನೋವಿನ ಅಮ್ಮ, ಹೆಂಡತಿ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಹೋಗಿ, ನಾನೇ ಗೈಡ್ ಆಗಿ ಕನ್ನಡದಲ್ಲಿ ವಿವರಿಸುತ್ತಾ ಸುತ್ತಿಸಿ ತಂದಿದ್ದೇನೆ. ಗಾಡಿ ಎಲ್ಲಿಯೂ ಹೂಳಲಿಲ್ಲ. ಬೇರೆಯವರ ಗಾಡಿ ಎಳೆದುಕೊಟ್ಟೆ ಎಂಬುದನ್ನು ಹೇಳದಿರಲಾರೆ. ನಿಧಾನ ಗೇರಾದ ಲೋ ರೇಂಜ್, ಸಿಕ್ಕ ಚಕ್ರದಡಿ ಇಡುವ ರಿಕವರಿ ಬೋರ್ಡ್, ಗಾಡಿ ಎಳೆಯುವ ಸ್ನ್ಯಾಚ್ ಸ್ಟ್ರಾಪ್ ಮರಳಿಗೆ ಹೋಗುವವರಿಗೆಲ್ಲ ಗೊತ್ತಿರುವುದೇ. ಬದಲಿಸಿದ್ದು ಬೇರೆಯದನ್ನು.

ಮೊದಲನೆಯದಾಗಿ ದ್ವೀಪದ ಉತ್ತರದ ಕಡೆಯ ಇಂಡಿಯನ್ ಹೆಡ್ ಮತ್ತು ಶಾಂಪೇನ್ ಪೂಲ್ಸ್ ಎರಡನ್ನೂ ಪಟ್ಟಿಯಿಂದ ಹೊಡೆದುಹಾಕಿದೆ. ಅವನ್ನು ಬಿಟ್ಟು ಫ್ರೇಸರ್ ದ್ವೀಪದಲ್ಲಿ ನೋಡುವುದೇನಿದೆ ಎಂದವರುಂಟು (2023ರಲ್ಲಿ ಹೆಸರು ಕೆ'ಗರಿ ಎಂದು ಬದಲಾದರೂ ಹಳಬರ ಬಾಯಲ್ಲಿ ಇನ್ನೂ ಫ್ರೇಸರೇ). ದ್ವೀಪ 120 ಕಿಲೋಮೀಟರಿಗೂ ಉದ್ದ. ಕಡಲಂಚಿನ ಮರಳೇ ರಸ್ತೆಯಾದ್ದರಿಂದ ಉತ್ತರಕ್ಕೆ ಎಳೆದಷ್ಟೂ ವಾಪಸಾತಿಯನ್ನು ಉಬ್ಬರ ನುಂಗುತ್ತದೆ. ಕಾಡುನಾಯಿ ಡಿಂಗೊ ಬರದಂತೆ ಬೇಲಿಯೊಳಗಿರುವ ಯೂರಾಂಗ್ ಊರಿನಲ್ಲಿ ಮನೆ ಹಿಡಿದು, ದಿನಕ್ಕೆ ಎರಡೇ ಜಾಗ ಎಂದು ಗೆರೆ ಎಳೆದೆ: ಒಂದು ಕಾಡಿನೊಳಗೆ, ಒಂದು ಕಡಲಂಚಿನಲ್ಲಿ. ಯಾವುದು ಮೊದಲು ಎಂಬುದನ್ನು ಉಬ್ಬರದ ಪಟ್ಟಿ ಹೇಳಬೇಕು, ಮಕ್ಕಳಲ್ಲ. ಉಬ್ಬರಕ್ಕೆ ಎರಡು ಗಂಟೆ ಮುಂಚಿನಿಂದ ಎರಡು ಗಂಟೆ ನಂತರದವರೆಗೆ ಬೀಚಿಗೆ ಇಳಿಯುವುದಿಲ್ಲ. ಆ ಹೊತ್ತು ಮರದ ನೆರಳಿನಲ್ಲಿ. ಉಬ್ಬರ ದಿನದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಮುಂದೆ ಸರಿಯುವುದರಿಂದ ನಿನ್ನೆಯ ವೇಳಾಪಟ್ಟಿ ಇವತ್ತಿಗೆ ನಡೆಯುವುದಿಲ್ಲ.

ಎರಡನೆಯದು ಟೈರಿನ ಗಾಳಿ. ಹೂಳದಿರಲು ಎಷ್ಟು ಬೇಕೋ ಅಷ್ಟು ಇಳಿಸುತ್ತೇವೆ. ಕುಳಿತವರ ಸೊಂಟಕ್ಕಾಗಿ ಇಳಿಸುವವರು ಕಡಿಮೆ. ಕಾಡಿನ ನಡುವಿನ ಸೆಂಟ್ರಲ್ ಸ್ಟೇಷನ್ ಎಂಬ ಜಾಗದ ದಾರಿಯಲ್ಲಿ ಒಂದು ಪರೀಕ್ಷೆ ಮಾಡಿದೆ. ಅಮ್ಮನನ್ನು ಮುಂದೆ ಕೂರಿಸಿ, ಕಂಠಕ್ಕಿಂತ ಎರಡು ಬೆರಳು ಕೆಳಗೆ ನೀರು ತುಂಬಿದ ಸ್ಟೀಲ್ ಚೊಂಬನ್ನು ಕೈಗೆ ಕೊಟ್ಟೆ. ಟೈರಿನ ಒತ್ತಡ ಇಪ್ಪತ್ತೆರಡು ಪಿಎಸ್‌ಐ ಇದ್ದಾಗ ಬೇರು ದಾಟಿದಾಗಲೆಲ್ಲ ಸೀರೆ ಒದ್ದೆಯಾಯಿತು. ಹದಿನೆಂಟಕ್ಕೆ ಇಳಿಸಿದಾಗ ತುಳುಕಿತು, ಚೆಲ್ಲಲಿಲ್ಲ. ಹದಿನಾರಕ್ಕೆ ನೀರು ಬರೀ ನಡುಗಿತು. ಹದಿನಾರರಲ್ಲಿ ತಿರುವಿನಲ್ಲಿ ರಭಸ ಮಾಡಿದರೆ ಟೈರ್ ರಿಮ್ ಬಿಟ್ಟು ಕಳಚಿಕೊಳ್ಳುವ ಭಯವಿದೆ. ಕಾಡಿನೊಳಗೆ ಮಿತಿ ಗಂಟೆಗೆ ಮೂವತ್ತು ಕಿಲೋಮೀಟರ್. ನಾನು ಹದಿನೈದು ದಾಟಲಿಲ್ಲ. ಹಿಂದಿನ ಗಾಡಿಯವರು ಶಪಿಸಿರಬಹುದು, ಜಾಗ ಸಿಕ್ಕಲ್ಲಿ ಬಿಟ್ಟುಕೊಟ್ಟೆ. ಹುಕ್ ಪಾಯಿಂಟ್‌ನಲ್ಲಿ ಎಷ್ಟಕ್ಕೆ ಇಳಿಸಿದೆ, ಮರಳಿನಲ್ಲಿ ಯಾವ ಜಾಡು ಹಿಡಿದೆ ಎಂಬುದು ನನ್ನಲ್ಲೇ ಇರಲಿ.

ಮೆಕೆಂಝಿ ಸರೋವರಕ್ಕೆ ಬಸ್ಸುಗಳು ಇಲ್ಲದ ವೇಳೆಯೊಂದಿದೆ. ಅದನ್ನೂ ಬರೆಯುವುದಿಲ್ಲ, ಬರೆದರೆ ಮುಂದಿನ ವರ್ಷ ನೀವೆಲ್ಲ ಅಲ್ಲಿರುತ್ತೀರಿ. ಮಳೆಯ ನೀರು ಬಿಟ್ಟರೆ ಅದಕ್ಕೆ ಬೇರೆ ಆಧಾರವಿಲ್ಲ. ಕೊಳೆತ ಎಲೆ ಮರಳಿನೊಡನೆ ಕೂಡಿ ತಳದಲ್ಲಿ ಗಟ್ಟಿ ಪದರವಾಗಿ ನೀರನ್ನು ಮೇಲೆಯೇ ಹಿಡಿದಿಟ್ಟಿದೆ. ಹರಿದು ಹೋಗುವ ದಾರಿಯಿಲ್ಲದ್ದರಿಂದ ಸನ್‌ಸ್ಕ್ರೀನ್ ಬಳಿದುಕೊಂಡು ಇಳಿಯಬೇಡಿ ಎಂದು ಮಕ್ಕಳಿಗೆ ತೋಳುದ್ದದ ಅಂಗಿ ಹಾಕಿಸಿದೆ. ಅಮ್ಮ ನೀರಂಚಿನಲ್ಲಿ ಕುಳಿತು ಚಿಟಿಕೆ ಮರಳಿನಿಂದ ಕಾಲುಂಗುರ ಉಜ್ಜಿದರು. ಕಪ್ಪು ಹಿಡಿದಿದ್ದ ಬೆಳ್ಳಿ ಎರಡು ನಿಮಿಷಕ್ಕೆ ಹೊಳೆಯಿತು, ಕಣ್ಣಿಗೆ ಗೀರು ಕಾಣಲಿಲ್ಲ; ಅಷ್ಟು ನುಣುಪಾದ ಸಿಲಿಕಾ. "ರಂಗೋಲಿಗೆ ಒಂದು ಡಬ್ಬಿ ಕಟ್ಟಿಕೊಳ್ಳೋಣವೇ?" ಎಂದರು. ರಾಷ್ಟ್ರೀಯ ಉದ್ಯಾನ, ವಿಶ್ವ ಪರಂಪರೆಯ ತಾಣ, ಹಿಡಿ ಮರಳನ್ನೂ ಒಯ್ಯುವಂತಿಲ್ಲ ಎಂದು ತಿಳಿಸಿದರೆ, "ಇಷ್ಟು ಬಿದ್ದಿದೆಯಲ್ಲೋ" ಎಂದು ಕಾರಿಗೆ ಬರುವವರೆಗೂ ವಾದಿಸಿದರು.

ಅಪ್ಪನಿಗೆ ಇಷ್ಟವಾದದ್ದು ಈಲೈ ಹಳ್ಳ. ಗಂಟೆಗೆ ನಲವತ್ತು ಲಕ್ಷ ಲೀಟರ್‌ವರೆಗೆ ನೀರು ಕಡಲಿಗೆ ಸೇರುತ್ತದೆ ಎಂದೆ. ವಿ.ಸಿ. ನಾಲೆಯ ಕೊನೆಯ ಭಾಗದಲ್ಲಿ ಗದ್ದೆ ಮಾಡಿದವರು ಅವರು, ಬೆರಳು ಮಡಚಿ ಲೆಕ್ಕ ಹಾಕಿ, "ನಲವತ್ತು ಕ್ಯೂಸೆಕ್ಸ್ ಹತ್ತಿರ! ಅಣೆಕಟ್ಟೆಲ್ಲಿ?" ಎಂದು ಕೇಳಿದರು. ಅಣೆಕಟ್ಟೂ ಇಲ್ಲ, ಬೆಟ್ಟವೂ ಇಲ್ಲ, ಮಳೆ ನೀರನ್ನು ಮರಳೇ ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ ಎಂದರೆ ನಂಬಲು ಅರ್ಧ ದಿನ ಹಿಡಿಯಿತು. ಮಕ್ಕಳು ಟ್ಯೂಬಿನ ಮೇಲೆ ತೇಲುತ್ತಿದ್ದರೆ ಅವರು ಹಲಗೆ ದಾರಿಯಲ್ಲಿ ನಿಂತು ನೀರನ್ನೇ ನೋಡುತ್ತಿದ್ದರು. ಸ್ವಲ್ಪ ಮುಂದೆ ಮಹೀನೊ ಹಡಗಿನ ಅಸ್ಥಿಪಂಜರ: 1905ರದು, ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆ ಹಡಗು, 1935ರಲ್ಲಿ ಗುಜರಿಗೆಂದು ಜಪಾನಿಗೆ ಎಳೆದೊಯ್ಯುವಾಗ ಚಂಡಮಾರುತಕ್ಕೆ ಸಿಕ್ಕಿ ಇಲ್ಲಿ ಬಿತ್ತು. ತುಕ್ಕು ನೋಡಿ ಅಪ್ಪ ಕೆ.ಜಿ. ದರ ಕೇಳಿದರು.

ಡಿಂಗೊ ವಿಷಯದಲ್ಲಿ ಸಲಿಗೆ ಬೇಡ. ಮಕ್ಕಳು ಕೈಗೆಟಕುವಷ್ಟು ದೂರದಲ್ಲಿರಬೇಕು; ತಿಂಡಿ ಗಾಡಿಯೊಳಗೆ ಅಥವಾ ಬೇಲಿಯೊಳಗೆ. ತುಂಡು ಚಪಾತಿ ಎಸೆದರೂ ದಂಡ ಎರಡು ಸಾವಿರ ಡಾಲರ್ ದಾಟುತ್ತದೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಮನೆಯಿಂದ; ಅನ್ನ ಅಲ್ಲೇ. ಹಾಲಿಗೆ ಹೆಪ್ಪು ಹಾಕಿ ಪಾತ್ರೆಗೆ ಟವೆಲ್ ಸುತ್ತಿ ಡ್ಯಾಶ್‌ಬೋರ್ಡಿನ ಬಿಸಿಲಿಗೆ ಇಟ್ಟೆವು. ಜುಲೈ ಚಳಿಯಲ್ಲೂ ಮಧ್ಯಾಹ್ನಕ್ಕೆ ಗಟ್ಟಿ ಮೊಸರು.

ಖರ್ಚು, ಡಾಲರ್ ಲೆಕ್ಕದಲ್ಲಿ: ಬಾರ್ಜ್ ಹೋಗಿಬರಲು ನೂರೈವತ್ತರ ಆಸುಪಾಸು, ವಾಹನದ ಪರವಾನಗಿ ಅರವತ್ತರ ಹತ್ತಿರ, ಡೀಸೆಲ್ ಇನ್ನೂರೈವತ್ತು, ಮನೆಗೆ ಸಾವಿರದೊಳಗೆ. ಒಟ್ಟು ಸಾವಿರದೈನೂರು ಎಂದಿಟ್ಟುಕೊಳ್ಳಿ. ಇಷ್ಟೇ ಜನಕ್ಕೆ ಒಂದೇ ದಿನದ ಬಸ್ ಟೂರಿಗೂ ಹೆಚ್ಚುಕಡಿಮೆ ಅಷ್ಟಾಗುತ್ತದೆ. ದಾಟಿ ಬಂದ ಕೂಡಲೇ ಗಾಡಿಯ ಅಡಿಗೆ ಸಿಹಿನೀರು ಹೊಡೆಸಲು ಹದಿನೈದೋ ಇಪ್ಪತ್ತೋ ಕೊಟ್ಟೆ. ಅದನ್ನು ಉಳಿಸಿದವರ ಚಾಸಿ ಎರಡು ವರ್ಷಕ್ಕೆ ಮಹೀನೊ ಬಣ್ಣಕ್ಕೆ ತಿರುಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.