ಒಬ್ಬ ಸ್ಕೇಟರ್ ಕರಿಯರ್ ಫಾಲೋ ಮಾಡೋದು ಹೇಗೆ: ಆಡಮ್ ಸಿಯಾವೊ ಹಿಮ್ ಫಾನ ಹಿಡ್ಕೊಂಡು ಕಲಿಯೋಣ

ಫಿಗರ್ ಸ್ಕೇಟಿಂಗ್ ಹೊಸದಾಗಿ ನೋಡೋರು ಸಾಮಾನ್ಯವಾಗಿ ಯಾರಿಗೆ ಮೆಡಲ್ ಬಂತು ಅಂತ ನೋಡಿ ಅಲ್ಲಿಗೇ ಬಿಟ್ಬಿಡ್ತಾರೆ. ಹಾಗೆ ನೋಡಿದ್ರೆ ಈ ಆಟದ ಅರ್ಧ ಸೊಗಸು ಕೈತಪ್ಪಿ ಹೋಗುತ್ತೆ. ನನ್ನ ಸಲಹೆ ಇಷ್ಟೇ, ಒಬ್ಬರೇ ಒಬ್ಬ ಸ್ಕೇಟರ್‌ನ ಆರಿಸ್ಕೊಳ್ಳಿ, ಒಂದಿಡೀ ಸೀಸನ್ ಅವರ ಹಿಂದೇನೇ ಹೋಗಿ, ಪ್ಲೇಸ್ ನೋಡೋ ಬದಲು ಸ್ಕೋರ್ ಶೀಟ್ ತೆಗೆದು ಓದಿ.

ನಾನು ಉದಾಹರಣೆಗೆ ತಗೊಳ್ಳೋದು ಫ್ರಾನ್ಸಿನ ಆಡಮ್ ಸಿಯಾವೊ ಹಿಮ್ ಫಾನ. 2001ರಲ್ಲಿ ಬೋರ್ಡೋದಲ್ಲಿ ಹುಟ್ಟಿದ ಹುಡುಗ, ಅಪ್ಪ ಅಮ್ಮ ಮಾರಿಷಸ್‌ನಿಂದ ಬಂದೋರು, 2022ರಿಂದೀಚೆಗೆ ನೀಸ್‌ನಲ್ಲಿ ಸೆಡ್ರಿಕ್ ಟೂರ್ ಹತ್ರ ಕೋಚಿಂಗ್ ತಗೊಂಡೋನು, ಪ್ರೋಗ್ರಾಂ ಕಂಪೋಸ್ ಮಾಡಿಕೊಟ್ಟಿದ್ದು ಬೆನುವಾ ರಿಶೋ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 14ನೇ ಸ್ಥಾನ, ಒಂದು ವರ್ಷ ತುಂಬೋದ್ರೊಳಗೆ 2023ರ ಜನವರಿಯಲ್ಲಿ ಯುರೋಪಿಯನ್ ಚಾಂಪಿಯನ್! ಈ ಏರಿಳಿತ ಇರೋದಕ್ಕೇ ಇವನನ್ನ ಫಾಲೋ ಮಾಡೋದು ಇಷ್ಟ ಆಗೋದು.

ಮೊದಲು ಕ್ಯಾಲೆಂಡರ್ ತಿಳ್ಕೊಳ್ಳಿ. ಸೀಸನ್ ಜುಲೈ 1ಕ್ಕೆ ಶುರು, ಆದ್ರೆ ನಿಜವಾದ ಬಿಸಿ ಏರೋದು ಅಕ್ಟೋಬರ್ ನವೆಂಬರ್‌ನಲ್ಲಿ ಗ್ರ್ಯಾನ್ ಪ್ರೀ ಅನ್ನೋ ಸ್ಪರ್ಧೆಗಳ ಸರಣಿ ಬಂದಾಗ. ಒಟ್ಟು ಆರು ಗ್ರ್ಯಾನ್ ಪ್ರೀ, ಒಬ್ಬರಿಗೆ ಹೆಚ್ಚಂದ್ರೆ ಎರಡು, ಗೆದ್ರೆ 15 ಪಾಯಿಂಟ್, ಎರಡನೇದಕ್ಕೆ 13, ಮೂರಕ್ಕೆ 11, ಹೀಗೆ ಇಳೀತಾ ಹೋಗುತ್ತೆ, ಕೊನೆಗೆ ಮೇಲಿನ ಆರು ಜನ ಡಿಸೆಂಬರ್‌ನ ಫೈನಲ್‌ಗೆ ಹೋಗ್ತಾರೆ. 2023ರಲ್ಲಿ ಆಡಮ್ ಫ್ರಾನ್ಸಿನ ಆಂಜೆಯಲ್ಲಿ ಅಮೆರಿಕದ ಇಲ್ಯಾ ಮಾಲಿನಿನ್‌ನ ಸೋಲಿಸಿದ, ಚೀನಾದ ಚೊಂಗ್ಚಿಂಗ್‌ನಲ್ಲಿ ಜಪಾನಿನ ಶೋಮಾ ಉನೋನ ಸೋಲಿಸಿದ, ಅಂದ್ರೆ ಪೂರ್ತಿ 30 ಪಾಯಿಂಟ್, ಆದ್ರೂ ಫೈನಲ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಇಳಿದ. ಅದಾದ್ಮೇಲೆ ಡಿಸೆಂಬರ್‌ನಲ್ಲೇ ಫ್ರೆಂಚ್ ನ್ಯಾಷನಲ್ಸ್, ಜನವರಿಯಲ್ಲಿ ಯುರೋಪಿಯನ್ಸ್, ಮಾರ್ಚ್‌ನಲ್ಲಿ ವರ್ಲ್ಡ್ಸ್. ಟೈಮ್ ವಿಷಯ, ಚಳಿಗಾಲದಲ್ಲಿ ಫ್ರಾನ್ಸ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ ಇರುತ್ತೆ, ಅಲ್ಲಿ ಸಂಜೆ ಎಂಟಕ್ಕೆ ಇದ್ರೆ ಬೆಂಗಳೂರಲ್ಲಿ ರಾತ್ರಿ ಹನ್ನೆರಡೂವರೆ, ಸೋ ಮಧ್ಯಾಹ್ನ ಒಂದು ನಿದ್ದೆ ಮಾಡ್ಕೊಂಡಿರಿ.

ಈಗ ಜಂಪ್. ಎಲ್ಲಾ ಒಂದೇ ಥರ ಕಾಣುತ್ತೆ ಅಂತ ಹೆದರ್ಬೇಡಿ. ಮುಂದಕ್ಕೆ ಮುಖ ಮಾಡಿ ಹಾರೋದು ಆಕ್ಸೆಲ್ ಒಂದೇ, ಬೇರೆ ಐದೂ ಹಿಂದಕ್ಕೆ ಜಾರ್ತಾ ಹಾರೋದು. ಅದ್ರಲ್ಲಿ ಟೋ ಲೂಪ್, ಫ್ಲಿಪ್, ಲಟ್ಜ್ ಮೂರಕ್ಕೆ ಇನ್ನೊಂದು ಕಾಲಿನ ಬ್ಲೇಡ್ ತುದೀನ ಐಸ್‌ಗೆ ಕುಟ್ಟಿ ಹಾರ್ತಾರೆ, ಸಾಲ್ಕೋ ಮತ್ತು ಲೂಪ್‌ಗೆ ಕುಟ್ಟೋದಿಲ್ಲ. ಸದ್ಯಕ್ಕೆ ಇಷ್ಟು ಸಾಕು, ಫ್ಲಿಪ್‌ಗೂ ಲಟ್ಜ್‌ಗೂ ಇರೋ ವ್ಯತ್ಯಾಸ ಕಣ್ಣಿಗೆ ಕೂರೋಕೆ ಟೈಮ್ ಬೇಕು.

ಆಮೇಲೆ ಸ್ಕೋರ್ ಶೀಟ್, ಇದೇ ಮುಖ್ಯ. ಸ್ಪರ್ಧೆ ಮುಗಿದ ಮೇಲೆ ರಿಸಲ್ಟ್ ಪೇಜ್‌ನಲ್ಲಿ ಪ್ರೋಟೋಕಾಲ್ ಅಂತ ಒಂದು ಪಿಡಿಎಫ್ ಹಾಕ್ತಾರೆ. ಪ್ರತಿ ಜಂಪ್‌ಗೂ ಒಂದು ಮೂಲ ಬೆಲೆ ಇದೆ, ಕ್ವಾಡ್ (ಅಂದ್ರೆ ಗಾಳಿಯಲ್ಲಿ ನಾಲ್ಕು ಸುತ್ತು) ಟೋ ಲೂಪ್‌ಗೆ 9.5, ಕ್ವಾಡ್ ಲಟ್ಜ್‌ಗೆ 11.5. ಅದರ ಮೇಲೆ ಒಂಬತ್ತು ಜಡ್ಜ್‌ಗಳು ಮೈನಸ್ 5ರಿಂದ ಪ್ಲಸ್ 5ರ ತನಕ ಕ್ವಾಲಿಟಿ ಮಾರ್ಕ್ ಕೊಡ್ತಾರೆ, ಅತಿ ಹೆಚ್ಚಿಂದು ಅತಿ ಕಡಿಮೇದು ಎರಡನ್ನೂ ತೆಗೆದುಹಾಕಿ ಮಿಕ್ಕಿದ್ದಕ್ಕೆ ಸರಾಸರಿ. ಜಂಪ್ ಹೆಸರಿನ ಪಕ್ಕ < ಚಿಹ್ನೆ ಇದ್ರೆ ಸುತ್ತು ಪೂರ್ತಿ ಆಗಿಲ್ಲ ಅಂತ, ಅದೇ ಎರಡು ಸಲ ಇದ್ರೆ ಇನ್ನೂ ಕಡಿಮೆ ಸುತ್ತಿದ್ದಾರೆ ಅಂತ. ಟಿವಿಯಲ್ಲಿ ಕ್ಲೀನ್ ಆಗಿ ಕಂಡಿದ್ದಕ್ಕೆ ಯಾಕೆ ಇಷ್ಟು ಕಡಿಮೆ ಅಂತ ನಿಮಗೆ ಕೋಪ ಬಂದ್ರೆ ಉತ್ತರ ಸಾಮಾನ್ಯವಾಗಿ ಈ ಚಿಹ್ನೆಯಲ್ಲೇ ಇರುತ್ತೆ.

ಇದನ್ನ ಪ್ರಾಕ್ಟೀಸ್ ಮಾಡೋಕೆ 2024ರ ಮಾಂಟ್ರಿಯಲ್ ವರ್ಲ್ಡ್ಸ್‌ಗಿಂತ ಒಳ್ಳೇ ಪಾಠ ಸಿಗಲ್ಲ. ಸ್ಪರ್ಧೆಗೆ ಎರಡು ಭಾಗ, ಮೊದಲು ಶಾರ್ಟ್ ಪ್ರೋಗ್ರಾಂ, ಆಮೇಲೆ ಅದಕ್ಕಿಂತ ಉದ್ದದ ಫ್ರೀ ಸ್ಕೇಟ್, ಎರಡರ ಸ್ಕೋರೂ ಕೂಡ್ತಾರೆ. ಎರಡು ನಿಮಿಷ 40 ಸೆಕೆಂಡಿನ ಶಾರ್ಟ್ ಪ್ರೋಗ್ರಾಂನಲ್ಲಿ ಆಡಮ್‌ಗೆ ಏನೂ ಕೈಗೂಡ್ಲಿಲ್ಲ, 77.49, 19ನೇ ಸ್ಥಾನ. 24 ಜನ ಮಾತ್ರ ಫ್ರೀ ಸ್ಕೇಟ್‌ಗೆ ಹೋಗೋದು, ಶಾರ್ಟ್‌ನಲ್ಲಿ ಕೆಳಗಿದ್ದೋರು ಮೊದಲು ಇಳೀಬೇಕು, ಹಾಗಾಗಿ ಇವನು ಮೊದಲನೇ ಗುಂಪಲ್ಲೇ ಬಂದ. ಬಂದು 206.90 ಹೊಡೆದ, ಒಟ್ಟು 284.39, ಆಮೇಲೆ ಲೀಡರ್ ಕುರ್ಚಿಯಲ್ಲಿ ಕೂತ. ಅವನಿಗಿಂತ ಮೇಲಿದ್ದ 18 ಜನ ಒಬ್ಬೊಬ್ಬರಾಗಿ ಬಂದು ಹೋದ್ರು, ದಾಟಿದ್ದು ಇಬ್ಬರೇ, ಮಾಲಿನಿನ್ ಮತ್ತು ಜಪಾನಿನ ಯೂಮಾ ಕಗಿಯಾಮಾ. ಶಾರ್ಟ್‌ನಲ್ಲಿ ಫಸ್ಟ್ ಇದ್ದ ಉನೋ ಕೂಡ ನಾಲ್ಕಕ್ಕೆ ಇಳಿದ, ಕಂಚು ಆಡಮ್‌ದಾಯ್ತು. ಶಾರ್ಟ್ ಶೀಟು ಫ್ರೀ ಶೀಟು ಎರಡನ್ನೂ ಅಕ್ಕಪಕ್ಕ ಇಟ್ಕೊಂಡು ಓದಿ, ಅದೇ ಮನುಷ್ಯ ಅಂತ ನಂಬೋಕಾಗಲ್ಲ.

ಆ ಫ್ರೀ ಶೀಟಲ್ಲಿ ಇನ್ನೊಂದು ಸಾಲು ಹುಡುಕಿ, ಡಿಡಕ್ಷನ್ ಅಂತ, ಮೈನಸ್ 2. ಅವನು ಬಿದ್ದಿದ್ದಕ್ಕಲ್ಲ ಅದು, ಹಿಂದಕ್ಕೆ ಲಾಗ ಹಾಕಿದ್ದಕ್ಕೆ. 1976ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಟೆರ್ರಿ ಕುಬಿಕಾ ಲಾಗ ಹಾಕಿದ ಮೇಲೆ ಅದನ್ನ ಬ್ಯಾನ್ ಮಾಡಿದ್ರು. 1998ರ ನಗಾನೊದಲ್ಲಿ ಫ್ರಾನ್ಸಿನವಳೇ ಆದ ಸುರ್ಯಾ ಬೊನಾಲಿ, ಪೆನಾಲ್ಟಿ ಬೀಳುತ್ತೆ ಅಂತ ಗೊತ್ತಿದ್ದೂ ಲಾಗ ಹಾಕಿ ಒಂದೇ ಬ್ಲೇಡ್ ಮೇಲೆ ಇಳಿದಳು, ಅವಳು ಐದು ಸಲದ ಯುರೋಪಿಯನ್ ಚಾಂಪಿಯನ್. ಆಡಮ್ ಕೂಡ 2024ರ ಯುರೋಪಿಯನ್ಸ್‌ನಲ್ಲಿ ಎರಡು ಪಾಯಿಂಟ್ ಕಳ್ಕೊಂಡೇ ಲಾಗ ಹಾಕಿದ, ಆದ್ರೂ ಗೋಲ್ಡ್ ಅವನಿಗೇ ಬಂತು. 2024-25ರ ಸೀಸನ್‌ನಿಂದ ಲಾಗ ಹಾಕಿದ್ರೆ ಪಾಯಿಂಟ್ ಕಟ್ ಇಲ್ಲ, ಹಾಗಾಗಿ ಹಳೇ ಶೀಟ್ ಓದುವಾಗ ಯಾವ ವರ್ಷದ್ದು ಅಂತ ಮೊದಲು ನೋಡ್ಕೊಳ್ಳಿ. ಬೊನಾಲಿಗೆ ಆ ಅವಕಾಶ ಸಿಗದೇ ಹೋಯ್ತಲ್ಲ ಅಂತ ನನಗೆ ಈಗ್ಲೂ ಸಂಕಟ ಆಗುತ್ತೆ.

ಇಷ್ಟು ರೂಢಿ ಆದ್ಮೇಲೆ ಜೂನಿಯರ್ ಕಡೆ ತಿರುಗಿ. ಜೂನಿಯರ್ ಗ್ರ್ಯಾನ್ ಪ್ರೀ ಆಗಸ್ಟ್ ಕೊನೆ ಹೊತ್ತಿಗೆ ಶುರು ಆಗುತ್ತೆ, ಇಂಟರ್‌ನ್ಯಾಷನಲ್ ಸ್ಕೇಟಿಂಗ್ ಯೂನಿಯನ್ ಅದನ್ನ ಯೂಟ್ಯೂಬ್‌ನಲ್ಲಿ ಫ್ರೀಯಾಗಿ ತೋರ್ಸುತ್ತೆ. 13, 14 ವರ್ಷದ ಮಕ್ಕಳು ಬರ್ತಾರೆ, ತುಂಬಾ ಬೀಳ್ತಾರೆ, ಪರವಾಗಿಲ್ಲ. ಜಂಪ್ ಎಣಿಸೋಕೆ ಹೋಗ್ಬೇಡಿ, ಎರಡು ಜಂಪ್ ನಡುವೆ ಹೇಗೆ ಜಾರ್ತಾರೆ, ವೇಗ ಉಳಿಯುತ್ತಾ, ಅದನ್ನ ನೋಡಿ. ನಿಮಗೆ ಹಿಡಿಸಿದ ಒಬ್ಬರ ಮೊದಲನೇ ಶೀಟ್ ಇವತ್ತೇ ಡೌನ್‌ಲೋಡ್ ಮಾಡಿ ಹೆಸರು ತಾರೀಖು ಹಾಕಿ ಸೇವ್ ಮಾಡಿಡಿ, ಮುಂದಿನ ವರ್ಷ ಅವರದ್ದೇ ಹೊಸ ಶೀಟ್ ಅದರ ಪಕ್ಕ ತೆರೆದು ಸಾಲು ಸಾಲಾಗಿ ಹೋಲಿಸಿ ನೋಡಿ.