ಹಿತ್ತಿಲ ಕಡೆ ಒಂದು ಕೋಣೆ: ಪಂಚಾಯ್ತಿಯಿಂದ ಲೈಸೆನ್ಸ್ ಪಡೆದ ನನ್ನ ಅನುಭವ

ಅಮ್ಮನಿಗೆ ಮಂಡಿ ನೋವು. ನಮ್ಮ ತೀರ್ಥಹಳ್ಳಿ ಕಡೆಯ ಹಳೇ ಮನೆಗಳಲ್ಲಿ ಬಚ್ಚಲು ಇರುವುದು ಹಿತ್ತಿಲಲ್ಲಿ, ಅಲ್ವಾ? ಮಳೆಗಾಲದ ರಾತ್ರಿ ಪಾಚಿ ಕಟ್ಟಿದ ಮೆಟ್ಟಿಲು ಇಳಿಯುವುದು ಅವರಿಗೆ ಆಗುತ್ತಲೇ ಇರಲಿಲ್ಲ. ಅಡುಗೆಮನೆ ಪಕ್ಕಕ್ಕೆ ಒಂದು ಕೋಣೆ, ಅದಕ್ಕೇ ಸೇರಿದ ಬಚ್ಚಲು ಕಟ್ಟಿಸಬೇಕು ಅಂತ ಹೊರಟೆ.

"ಸ್ವಂತ ಜಾಗಕ್ಕೆ ಪರ್ಮಿಷನ್ ಯಾಕೆ?" ಅಂತ ಮೇಸ್ತ್ರಿ ಕೇಳಿದರು. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ, ಇರುವ ಮನೆಗೆ ಸೇರಿಸಿ ಕಟ್ಟುವುದಕ್ಕೂ ಗ್ರಾಮ ಪಂಚಾಯ್ತಿಯ ಅನುಮತಿ ಬೇಕು. ಸಾಲ ಕೇಳಲು ಹೋದಾಗ ಬ್ಯಾಂಕಿನವರು ಮೊದಲು ಕೇಳಿದ್ದೂ ಅದೇ ಲೈಸೆನ್ಸ್.

ನಮ್ಮ ಮನೆ ಗ್ರಾಮಠಾಣಾದಲ್ಲಿದೆ, ಅಂದರೆ ಊರಿನ ಮನೆಗಳಿಗೆಂದೇ ಗುರುತಿಸಿದ ಜಾಗದಲ್ಲಿ. ಹಾಗಾಗಿ ಇ-ಸ್ವತ್ತಿನಲ್ಲಿ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 (ಆಸ್ತಿಯ ವಿವರ), 11ಎ (ಕಂದಾಯದ ವಿವರ) ಎರಡೂ ಮೊದಲೇ ಆಗಿದ್ದವು. ಮಲೆನಾಡಿನಲ್ಲಿ ಎಲ್ಲರಿಗೂ ಇಷ್ಟು ಸುಲಭವಲ್ಲ. ತೋಟದ ನಡುವೆ ಒಂಟಿ ಮನೆ, ಜಾಗ ಇನ್ನೂ ಕೃಷಿ ಜಮೀನು. ಇಲ್ಲವೇ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು ಅದನ್ನು ಸಕ್ರಮ ಮಾಡುವ 94ಸಿ ಹಕ್ಕುಪತ್ರಕ್ಕೆ ಕಾಯುತ್ತಿರುವವರು. ಅಂಥವರು ನಕ್ಷೆಗೆ ದುಡ್ಡು ಕೊಡುವ ಮೊದಲು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಹೋಗಿ ಒಂದು ಮಾತು ಕೇಳುವುದು ಒಳ್ಳೆಯದು.

ದೀಪಾವಳಿ ಕಳೆದ ಮೇಲೆ ಅರ್ಜಿ ಕೊಟ್ಟೆ. ನಮೂನೆ 9, 11ಎ, ಈ ವರ್ಷದ ಮನೆ ಕಂದಾಯದ ರಸೀದಿ, ಆಧಾರ್, ನಕ್ಷೆ. ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ. ಎರಡು ವಾರ ಬಿಟ್ಟು ಪಂಚಾಯ್ತಿಯಿಂದ ಜಾಗ ನೋಡಲು ಬಂದರು, ಟೇಪ್ ಹಿಡಿದರು, ಅರ್ಜಿ ವಾಪಸ್ ಬಂತು.

ಆದದ್ದು ಇಷ್ಟು. ನಮೂನೆ 9ರಲ್ಲಿ ಅಳತೆ ಮೀಟರಿನಲ್ಲಿರುತ್ತದೆ. ನಮ್ಮದು 12.19 ಮತ್ತು 18.29, ಅಂದರೆ 40 ಅಡಿಗೆ 60 ಅಡಿ. ನಕ್ಷೆ ಬರೆದವರು ಜಾಗಕ್ಕೆ ಬರದೆ ಅದನ್ನೇ ನೋಡಿ ಗೆರೆ ಎಳೆದಿದ್ದರು. ಹಿತ್ತಿಲ ತುದಿಯಲ್ಲಿ ನಿಜವಾಗಿ ಸಿಕ್ಕಿದ್ದು 38 ಅಡಿ ಚಿಲ್ಲರೆ. ಬೇಲಿ ಯಾವ ಕಾಲದಲ್ಲಿ ಒಳಗೆ ಸರಿದಿತ್ತೋ, ಅಪ್ಪನಿಗೂ ತಿಳಿದಿರಲಿಲ್ಲ. ಅಳತೆ ನಾನೇ ಮೊದಲು ಹಿಡಿಯಬೇಕಿತ್ತು. ಒಂದು ತಿಂಗಳು ಹೋಯಿತು.

ಈ ಸಲ ಪಕ್ಕದ ಮನೆಯ ಹಿರಿಯರನ್ನು ಕರೆದೆ. ಟೇಪಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಬೇಲಿಗೆ ಕೈಹಾಕುವುದು ಬೇಡ, ಕೋಣೆಯನ್ನೇ ಒಂದೂವರೆ ಅಡಿ ಕಿರಿದು ಮಾಡುತ್ತೇನೆ ಅಂದೆ. ಅವರು ಗೋಡೆ ಬರುವ ಗುರುತು ನೋಡಿದರು. ಆಮೇಲೆ ತಲೆ ಎತ್ತಿ ಹೇಳಿದರು: "ಗೋಡೆ ನಿನ್ನ ಜಾಗದಲ್ಲೇ ಉಂಟು ಮಾರಾಯ. ಸೂರಿನ ನೀರು ಎಲ್ಲಿ ಬೀಳ್ತದೆ?"

ನಕ್ಷೆಯಲ್ಲಿ ಗೋಡೆ ಮಾತ್ರ ಇತ್ತು. ಗೋಡೆಯಿಂದ ಬೇಲಿಗೆ ಮೂರು ಅಡಿ. ನಮ್ಮ ಹೆಂಚಿನ ಮಾಡಿನ ಸೂರು ಎರಡೂವರೆ ಅಡಿ ಹೊರಗೆ ಚಾಚುತ್ತದೆ, ಇಲ್ಲದಿದ್ದರೆ ಇಲ್ಲಿನ ಮಳೆಗೆ ಗೋಡೆ ಉಳಿಯುವುದಿಲ್ಲ. ಉಳಿದ ಅರ್ಧ ಅಡಿಯಲ್ಲಿ ಬಿದ್ದ ನೀರು ನೇರ ಅವರ ಅಂಗಳಕ್ಕೇ ಸಿಡಿಯುತ್ತಿತ್ತು. ಅವರ ಮಾತು ನೂರಕ್ಕೆ ನೂರು ಸರಿ. ಮಾಡಿನ ಇಳಿಜಾರನ್ನು ನಮ್ಮ ಹಿತ್ತಿಲ ಕಡೆಗೆ ತಿರುಗಿಸಿದೆವು. ಸೂರಿಗೆ ತಗಡಿನ ದೋಣಿ, ಅಲ್ಲಿಂದ ಪೈಪು, ಪೈಪಿನಿಂದ ಬಾಳೆ ಬುಡಕ್ಕೆ. ಹೊಸ ನಕ್ಷೆಯಲ್ಲಿ ಸೂರಿನ ಗೆರೆ, ಪೈಪು, ಬಚ್ಚಲ ಗುಂಡಿ ಎಲ್ಲ ತೋರಿಸಿದೆ. ಅವರಿಂದ ತಕರಾರಿಲ್ಲ ಅಂತ ಪತ್ರ ಬರೆಸಿಕೊಂಡೆ. ಪಂಚಾಯ್ತಿ ಅದನ್ನು ಕೇಳಿರಲಿಲ್ಲ, ಆದರೂ ಕೊಟ್ಟೆ.

ಎರಡನೇ ಸಲ ಅಳತೆ ಕೂಡಿಬಂತು. ಪಂಚಾಯ್ತಿ ಸಭೆಯಲ್ಲಿ ಒಪ್ಪಿಗೆ ಆಯಿತು, ಶುಲ್ಕ ಕಟ್ಟಿದೆ, ಜನವರಿ ಕೊನೆಗೆ ಲೈಸೆನ್ಸ್ ಕೈಗೆ ಬಂತು. ಮಲೆನಾಡಿನಲ್ಲಿ ಅದಕ್ಕಿಂತ ತಡವಾದರೆ ಕಷ್ಟ. ಮೇ ಒಳಗೆ ಹೆಂಚು ಹೊದಿಸದಿದ್ದರೆ ಹಸಿ ಗೋಡೆ ಇಡೀ ಮಳೆಗಾಲ ನೆನೆಯುತ್ತದೆ.

ಮೇ ಎರಡನೇ ವಾರ ಹೆಂಚು ಹೊದಿಸಿ ಆಯಿತು. ಆಮೇಲೆ ಕಂದಾಯ ಪರಿಷ್ಕರಣೆಗೆ ಅರ್ಜಿ ಹಾಕಿ, ನಮೂನೆ 9ರಲ್ಲಿ ಹೊಸ ಕೋಣೆಯ ಅಳತೆಯನ್ನೂ ಸೇರಿಸಿಸಿದೆ. ಕಂದಾಯ ಸ್ವಲ್ಪ ಜಾಸ್ತಿ ಬಂತು, ಕಟ್ಟುತ್ತಿದ್ದೇನೆ. ಅಮ್ಮ ಈಗ ರಾತ್ರಿ ಎದ್ದರೆ ನಾಲ್ಕು ಹೆಜ್ಜೆ, ಮೆಟ್ಟಿಲಿಲ್ಲ.